ಎಪ್ಪತ್ತೇಳು ಮಲೆಯ ಕಾಗದ

ನಮ್ಮ ಮನೆಯಲ್ಲಿ ರದ್ದಿ ಪೇಪರು ಹಾಕುವ ದಿನ ಬಂತೆಂದರೆ ನನ್ನ ಯಜಮಾನರು ಏನಾದರೊಂದು ನೆಪ ಹೇಳಿ ಗುಂಡ್ಲುಪೇಟೆಯ ಅಂಗಡಿ ಬೀದಿಗೆ ಹೊರಟುಬಿಡುತ್ತಾರೆ. ಅವರನ್ನು ದೂರಿ ಫಲವಿಲ್ಲ. ರದ್ದಿಯವನು ತಕ್ಕಡಿ ಹಿಡಿದು ಬಾಗಿಲಲ್ಲಿ ಕೂತಿರುತ್ತಾನೆ. ನಾನು ನಡುಮನೆಯಲ್ಲಿ ಕಾಲು ಚಾಚಿ ಕೂತು ಒಂದೊಂದೇ ಹಾಳೆ ಬಿಡಿಸಿ ಹಿಂದೆ ಮುಂದೆ ನೋಡುತ್ತಿರುತ್ತೇನೆ. ಎಂದೋ ಮುಗಿದ ಮದುವೆಯ ಕರೆಯೋಲೆ, ಕರೆಂಟು ಬಿಲ್ಲು, ಔಷಧಿ ಚೀಟಿ, ಸೋತವರ ಚುನಾವಣೆಯ ಕರಪತ್ರ, ಯಾವುದಾದರೂ ಸರಿ, ಎರಡೂ ಬದಿ ಓದದೆ ತಕ್ಕಡಿಗೆ ಹಾಕುವುದಿಲ್ಲ. ಕಡಲೆಕಾಯಿ ಪೊಟ್ಟಣ ಖಾಲಿಯಾದ ಮೇಲೆ ಅದನ್ನೂ ಬಿಚ್ಚಿ ಓದುತ್ತೇನೆ. "ನಿಂಗೆ ಬಿಸಿ ಬೋಂಡ ಕಟ್ಸ್ಕೊಂಡು ಬರೋದೇ ದಂಡ. ಬೋಂಡ ಆರ್ತದೆ, ನೀನು ಓದೋದು ಮುಗಿಯಲ್ಲ" ಎಂದು ಯಜಮಾನರು ನಗುತ್ತಾರೆ. ನಾನೂ ನಗುತ್ತೇನೆ. ಟೀಚರಮ್ಮನಿಗೆ ಓದುವ ಚಟ ಎಂದು ಅಕ್ಕಪಕ್ಕದವರೂ ಮೆಚ್ಚಿಕೊಂಡಿದ್ದಾರೆ. ಚಟ ಎಂದು ಜನ ಹೆಸರಿಟ್ಟದ್ದು ಹೆಚ್ಚು ಸಲ ಹೆದರಿಕೆಯೇ ಆಗಿರುತ್ತದೆ, ಅದನ್ನು ಅವರಿಗೆ ಬಿಡಿಸಿ ಹೇಳುವುದು ಹೇಗೆ?

ಹೋದ ವಾರ ಅಡುಗೆಮನೆಯಲ್ಲಿ ಮೆಂತ್ಯ ನೆನೆಹಾಕಿದ್ದೆ, ದೋಸೆಗೆ. ಬೆಳಿಗ್ಗೆ ಮುಚ್ಚಳ ತೆಗೆದಾಗ ಬಂದ ವಾಸನೆಗೆ ಅಲ್ಲೇ ಕುಳಿತುಬಿಟ್ಟೆ. ನೆಂದ ಮೆಂತ್ಯಕ್ಕೂ ನೆಂದ ಕಾಗದಕ್ಕೂ ಏನು ಸಂಬಂಧ ಎಂದು ಈಗಿನವರು ಕೇಳಬಹುದು. ನಮ್ಮ ಅಜ್ಜಿಯನ್ನು ಕೇಳಿದ್ದರೆ ಅರ್ಧ ದಿನ ಹೇಳುತ್ತಿದ್ದಳು.

ಅಜ್ಜಿ ಕಾಗದದ ಬುಟ್ಟಿ ಮಾಡುತ್ತಿದ್ದಳು. ಹಳೆಯ ಕಾಗದವನ್ನೆಲ್ಲ ಚೂರು ಚೂರು ಹರಿದು ಬಾನಿಯಲ್ಲಿ ಮೂರು ದಿನ ನೆನೆಹಾಕಿ, ಹಿಂಡಿ, ಮೆಂತ್ಯದ ಜೊತೆ ಒರಳಲ್ಲಿ ಕುಟ್ಟಿ ಹಿಟ್ಟು ಮಾಡುವಳು. ಆಮೇಲೆ ಬೋರಲು ಹಾಕಿದ ಕೊಡದ ಮೇಲೆ ಮೆತ್ತಿ ಬಿಸಿಲಿಗಿಟ್ಟರೆ, ಒಣಗಿ ಕೊಡ ಬಿಟ್ಟು ಬಂದದ್ದೇ ಬುಟ್ಟಿ. ಮೆಂತ್ಯ ಅಂಟಿಗೂ ಆಯಿತು, ಹುಳ ಬರದ ಹಾಗೂ ಆಯಿತು. ನನ್ನ ಒಂದನೆಯ ತರಗತಿಯ ಕಾಪಿ ಪುಸ್ತಕಗಳೆಲ್ಲ ಹುರುಳಿಕಾಳು ತುಂಬುವ ಬುಟ್ಟಿಯಾಗಿ ಅಟ್ಟದ ಮೇಲಿದ್ದವು. ನನ್ನ ವಿದ್ಯೆ ಆ ಮನೆಗೆ ಉಪಯೋಗಕ್ಕೆ ಬಂದದ್ದು ಅಷ್ಟೇ ಎಂದು ದೊಡ್ಡಪ್ಪ ರೇಗಿಸುತ್ತಿದ್ದರು.

ನಮ್ಮೂರು ಚಾಮರಾಜನಗರದಿಂದ ಉಮ್ಮತ್ತೂರಿನ ಬಸ್ಸು ಹತ್ತಿ, ಉಮ್ಮತ್ತೂರು ಬರುವುದಕ್ಕೆ ಮೊದಲೇ ಇಳಿದು, ಒಂದು ಮೈಲಿ ನಡೆದರೆ ಸಿಗುತ್ತದೆ. ನಾನು ನಾಲ್ಕನೆಯ ತರಗತಿಯಲ್ಲಿದ್ದ ವರ್ಷ ಮೈಸೂರು ಜಿಲ್ಲೆ ಒಡೆದು ನಮ್ಮದೇ ಬೇರೆ ಜಿಲ್ಲೆಯಾಯಿತು. ಹರದನಹಳ್ಳಿಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದ ನಂಜುಂಡಯ್ಯ ಮೇಷ್ಟ್ರು ಆಗ ತಾನೇ ಹತ್ತು ದಿನದ ಯಾವುದೋ ತರಬೇತಿ ಮುಗಿಸಿ ಬಂದಿದ್ದರು. ಹೋಗುವಾಗ ಬೆತ್ತವಿತ್ತು, ಬರುವಾಗ ಇರಲಿಲ್ಲ. ಇನ್ನು ಮೇಲೆ ಹೊಡೆಯುವುದಿಲ್ಲ, ನೀವೇ ಒಟ್ಟಾಗಿ ಕಲಿಯುತ್ತೀರಿ ಎಂದರು. ನಮಗೆ ಭಯವಾಯಿತು. ಬೆತ್ತದ ಲೆಕ್ಕಾಚಾರ ನಮಗೆ ಗೊತ್ತಿತ್ತು, ಒಟ್ಟಾಗುವುದು ಗೊತ್ತಿರಲಿಲ್ಲ.

ತರಬೇತಿಯಿಂದ ಅವರು ಎರಡು ಹೊಸ ವಿದ್ಯೆ ತಂದಿದ್ದರು. ಒಂದು, ಶನಿವಾರದ ಸುತ್ತು. ಶನಿವಾರ ಬೆಳಗಿನ ಸ್ಕೂಲು ಬಿಡುವ ಮುಂಚೆ ಎಲ್ಲರೂ ದುಂಡಗೆ ಕೂತುಕೊಳ್ಳಬೇಕು. ಒಬ್ಬೊಬ್ಬರಾಗಿ ಎದ್ದು "ಈ ವಾರ ನನ್ನಿಂದ ಆದ ತಪ್ಪು" ಎಂದು ಶುರು ಮಾಡಿ ತನ್ನದೊಂದು ತಪ್ಪನ್ನು ತಾನೇ ಹೇಳಬೇಕು. ಬೇರೆಯವರ ತಪ್ಪು ಹೇಳುವಂತಿಲ್ಲ. ಮೊದಲ ಶನಿವಾರ ಸೋಮ ಎದ್ದು ನಿಂತು, "ಈ ವಾರ ನನ್ನಿಂದ ಆದ ತಪ್ಪು, ನಾನು ಸಿದ್ದನ ಕೆನ್ನೆಗೆ ಒಡ್ದೆ ಸಾ. ಯಾಕಂದ್ರೆ ಅವ್ನು ನನ್ ಬಳಪ ತಿಂದ" ಎಂದ. ಮೇಷ್ಟ್ರು ಕೈ ಎತ್ತಿ ತಡೆದರು.

"ಯಾಕಂದ್ರೆ ಬೇಡ ಕಣಪ್ಪ. ಯಾಕಂದ್ರೆ ಅಂತ ಬಾಯಿಗೆ ಬಂದ ತಕ್ಷಣ ತಪ್ಪು ನಿಂದಾಗಿ ಉಳಿಯಲ್ಲ, ಬೇರೆಯವನ ತಲೆಗೆ ಹೋಗ್ತದೆ. ಒಡ್ದೆ ಅನ್ನು, ಕೂತ್ಕೊ."

"ಒಡ್ದೆ ಸಾ" ಎಂದು ಸೋಮ ಕೂತ. ಬಳಪದ ನ್ಯಾಯ ಹಾಗೇ ಉಳಿಯಿತು. ನನಗೆ ಈ ಆಟ ಬಹಳ ಸುಲಭ ಎನಿಸಿತು. ನಾನು ಪ್ರತಿ ವಾರ ಒಂದು ಚಿಕ್ಕ ಚೊಕ್ಕ ತಪ್ಪನ್ನು ಮನೆಯಿಂದಲೇ ತಯಾರು ಮಾಡಿಕೊಂಡು ಹೋಗುತ್ತಿದ್ದೆ. ಅಜ್ಜಿಗೆ ತಿಳಿಸದೆ ಬೆಲ್ಲ ತಿಂದೆ ಎಂದೋ, ಮಗ್ಗಿ ಹೇಳುವಾಗ ಕಿಟಕಿ ನೋಡಿದೆ ಎಂದೋ ಹೇಳುತ್ತಿದ್ದೆ. ಮೇಷ್ಟ್ರು ತಲೆದೂಗುತ್ತಿದ್ದರು. ತಪ್ಪು ಹೇಳುವುದರಲ್ಲೂ ನಾನೇ ತರಗತಿಗೆ ಮೊದಲಿಗಳಾಗಿದ್ದೆ.

ಎರಡನೆಯ ವಿದ್ಯೆ, ಒಟ್ಟಾಗಿ ಮಾಡುವ ಕೆಲಸ. ಸ್ಕೂಲಿನ ಮುರಿದ ಬಾಗಿಲಿನ ಹಲಗೆಯನ್ನು ಎರಡು ಬೆಂಚಿನ ಮೇಲೆ ಮಲಗಿಸಿ, ಅದರ ಮೇಲೆ ಹೊಸ ಜಿಲ್ಲೆಯ ನಕ್ಷೆ ಬರೆದು, ಬೆಟ್ಟ ಇರುವ ಕಡೆ ನಿಜವಾದ ಬೆಟ್ಟವನ್ನೇ ಎಬ್ಬಿಸಬೇಕು. ಏತರಿಂದ ಎಬ್ಬಿಸುವುದು ಎಂಬ ಚರ್ಚೆ ಬಂದಾಗ ಅಜ್ಜಿಯ ಕಾಗದದ ಹಿಟ್ಟಿನ ಸಂಗತಿ ಹೇಳಿದವಳು ನಾನು. ಮೇಷ್ಟ್ರು ನನ್ನ ಬೆನ್ನು ತಟ್ಟಿದರು. ಜಿಲ್ಲೆಗೆ ನಾಲ್ಕು ತಾಲ್ಲೂಕು, ನಮಗೆ ನಾಲ್ಕು ಗುಂಪು. ಎಲ್ಲರಿಗೂ ಚಾಮರಾಜನಗರವೇ ಬೇಕು, ನಮ್ಮದಲ್ಲವೇ? ಚೀಟಿ ಎತ್ತಿದಾಗ ನನ್ನ ಗುಂಪಿಗೆ ಕೊಳ್ಳೇಗಾಲ ಬಂತು. ನಾನು ಅತ್ತೆ. ನೋಡದ ಊರು, ಮೇಲಾಗಿ ಬರೀ ಬೆಟ್ಟ. ಆಗ ನನ್ನ ಗುಂಪಿನಲ್ಲಿ ಕೊನೆಗೆ ಕೂರುತ್ತಿದ್ದ ಚಿಕ್ಕತಾಯಿ ನನ್ನ ಲಂಗ ಎಳೆದು, "ಅಳ್ಬೇಡ ಕಣಮ್ಮಿ ಗೌರಿ, ಮಾದಪ್ಪನ ಬೆಟ್ಟ ನಾ ನೋಡಿವ್ನಿ. ನಾನೂ ಅವ್ವ ನಡ್ಕಂಡೇ ಓಗಿದ್ದೊ" ಎಂದಳು.

ಚಿಕ್ಕತಾಯಿಯ ಮನೆ ಊರಾಚೆಯ ಕಾಲೋನಿಯಲ್ಲಿ. ಅಪ್ಪ ತೀರಿಕೊಂಡಿದ್ದ. ಅವ್ವ ಪುಟ್ಟಮ್ಮ ನಮ್ಮ ಹೊಲಕ್ಕೇ ಕಳೆ ಕೀಳಲು ಬರುತ್ತಿದ್ದಳು. ನಮ್ಮ ಅಜ್ಜಿ ಕಾಗದ ಕುಟ್ಟಲು ಹಿತ್ತಲಲ್ಲಿ ಬಿದ್ದಿದ್ದ ಬಾಯೊಡೆದ ಒರಳೊಂದನ್ನು ಸ್ಕೂಲಿಗೆ ಕೊಟ್ಟಳು. ಕೊಡುವಾಗ, "ಅಲ್ಲೇ ಬುಟ್ಬುಡಿ, ಇನ್ನ ವಾಪಸ್ ತರ್ಬೇಡಿ" ಎಂದಳು. ಎಲ್ಲ ಮಕ್ಕಳೂ ಕೈಯಿಟ್ಟ ಒರಳು ಅಂಗಳಕ್ಕೆ ಬರಬಾರದಲ್ಲ. ಅಜ್ಜಿಯ ದಾನದ ಅರ್ಥ ನನಗೆ ಆಗಲೂ ತಿಳಿದಿತ್ತು, ಸಹಜ ಎನಿಸಿತ್ತು.

ಆದರೆ ಒಂದು ಮಾತು ಹೇಳಬೇಕು. ಆ ಮೂರು ವಾರ ನಾವು ನಿಜವಾಗಿಯೂ ಒಟ್ಟಾದೆವು. ಒಂದೇ ಬಾನಿಯಲ್ಲಿ ಎಂಟು ಕೈ. ಹಿಂಡುವಾಗ ಯಾರ ಬೆರಳು ಯಾರದೆಂದು ತಿಳಿಯುತ್ತಿರಲಿಲ್ಲ. ಹಿಟ್ಟಿನ ಹದ ಚಿಕ್ಕತಾಯಿಗೆ ಗೊತ್ತಿದ್ದಷ್ಟು ನನಗೆ ಗೊತ್ತಿರಲಿಲ್ಲ. ಮುದ್ದೆ ತಿರುವುವ ಮನೆಯ ಹುಡುಗಿ, ಒಮ್ಮೆ ಒತ್ತಿ ನೋಡಿ "ಇನ್ನೊಂದ್ ಪಟ್ಟು ಕುಟ್ಬೇಕು" ಎಂದರೆ ಅದೇ ಕೊನೆ ಮಾತು. ನಾನು ಗುಂಪಿನ ಲೀಡರು, ಅವಳ ಮಾತು ಕೇಳುತ್ತಿದ್ದೆ. ಮನೆಗೆ ಹೋದ ಮೇಲೆ ಅಜ್ಜಿ ಹಿತ್ತಲಲ್ಲೇ ನೀರು ಹಾಕಿ ಒಳಗೆ ಕರೆದುಕೊಳ್ಳುತ್ತಿದ್ದಳು, ಅದು ಬೇರೆ ವಿಷಯ.

ಬೆಟ್ಟ ಎಷ್ಟು ಮಾಡುವುದೆಂದು ಮೇಷ್ಟ್ರು ಕೇಳಿದರೆ ನಾನು ಮೂರು ಎಂದೆ. ಚಿಕ್ಕತಾಯಿ ನನ್ನನ್ನು ಅಯ್ಯೋ ಎನ್ನುವಂತೆ ನೋಡಿದಳು.

"ಎಪ್ಪತ್ತೇಳು ಸಾ. ಮಾದಪ್ಪುಂದು ಎಪ್ಪತ್ತೇಳು ಮಲೆ."

ಮೇಷ್ಟ್ರು ನಕ್ಕು, ಅಷ್ಟೂ ಹಿಡಿಸುತ್ತದೇನಮ್ಮ ಈ ಹಲಗೆಗೆ ಎಂದರು. ಅವಳಿಗೆ ಅದು ನಗುವ ಮಾತಾಗಿರಲಿಲ್ಲ. ಮಾದಪ್ಪನಿಗೆ ಎಪ್ಪತ್ತೇಳು ಮಲೆ ಇದ್ದರೆ ಎಪ್ಪತ್ತೇಳೂ ಇರಬೇಕು. ಮಾದಪ್ಪ ನಮ್ಮ ಮನೆಗೂ ದೇವರು, ಅವಳ ಮನೆಗೂ ದೇವರು, ಹಾಗಾಗಿ ನಾನು ಎದುರಾಡಲಿಲ್ಲ. ಅವಳು ಹೆಬ್ಬೆಟ್ಟಿನಷ್ಟು ಹಿಟ್ಟು ತೆಗೆದು, ಅಂಗೈಯಲ್ಲಿ ತಿರುವಿ, ತುದಿ ಚೂಪು ಮಾಡಿ ಒಂದೊಂದೇ ಬೆಟ್ಟ ನೆಡತೊಡಗಿದಳು. ನಾನು ಎಣಿಸುತ್ತಿದ್ದೆ. ಐವತ್ತೊಂದಕ್ಕೆ ಹಿಟ್ಟು ಮುಗಿಯಿತು.

ಬೇರೆ ಗುಂಪುಗಳಲ್ಲಿ ಕಾಗದಕ್ಕೆ ಬರವಿರಲಿಲ್ಲ. ಗುಂಡ್ಲುಪೇಟೆಯವರು ಗೋಪಾಲಸ್ವಾಮಿ ಬೆಟ್ಟ ಮುಗಿಸಿ, ಬಂಡೀಪುರದಿಂದ ಗಡಿಯ ಮದ್ದೂರಿನ ಅಂಚಿನವರೆಗೆ ಕಾಡೆಂದು ಹಸಿರು ಬಣ್ಣ ಬಳಿಯುತ್ತಿದ್ದರು. ಮದ್ದೂರು ಬಂದರೆ ನಕ್ಷೆ ಮುಗಿಯಿತು, ಆಚೆಗೆ ಕೇರಳ, ಬರೀ ಹಲಗೆ. ನಾವು ಮಾತ್ರ ಇನ್ನೂ ಬೆಟ್ಟದಲ್ಲೇ ಇದ್ದೆವು. ಸೋಲುತ್ತೇವೆಂದು ನನಗೆ ಸಿಟ್ಟು ಬಂತು. ಆ ಸಿಟ್ಟು ಬಂದದ್ದು ಚಿಕ್ಕತಾಯಿಯ ಮೇಲೆ.

"ನಮ್ಮನೆ ಕಾಗ್ದ ಎಲ್ಲ ನಿನ್ ಬೆಟ್ಟಕ್ಕೇ ಆಯ್ತು. ನಿಮ್ಮನೆಯಿಂದ ನೀನೇನ್ ತಂದೆ? ಬೀಡಿ ಕಟ್ಟಿನ ಚೀಟಿ, ಸೋಪಿನ ಕವರು. ಉಳಿದಿರೋ ಬೆಟ್ಟಕ್ಕೆ ನೀನೇ ತತ್ತಾ."

ಗುಂಪೆಲ್ಲ ನಕ್ಕಿತು. ಓದುಬರಹವೇ ಇಲ್ಲದ ಮನೆಯಲ್ಲಿ ಕಾಗದ ಎಲ್ಲಿಂದ ಬರಬೇಕು ಎಂದು ಯಾರಿಗೂ ಹೊಳೆಯಲಿಲ್ಲ. ಅವಳು ಕೈ ತೊಳೆದುಕೊಂಡು ಹೋದಳು.

ಮರುದಿನ ಅವಳು ತಂದದ್ದು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ್ದ ಒಂದು ಕಂತೆ. ಒಳ್ಳೆಯ ದಪ್ಪ ಕಾಗದ. ಅವ್ವ ಕೆಲಸಕ್ಕೆ ಹೋದ ಮೇಲೆ ತಗಡಿನ ಪೆಟ್ಟಿಗೆಯಿಂದ ತೆಗೆದು ತಂದಿದ್ದಳು. ಸ್ಕೂಲಿನ ಹಿಂದಿನ ಹುಣಸೆ ಮರದಡಿ, ಬಾನಿಯ ಪಕ್ಕ ನಾವಿಬ್ಬರೇ ಇದ್ದೆವು. ಅವಳಿಗೆ ಅಕ್ಷರ ಕೂಡಿಸಿ ಓದಲು ಹೊತ್ತು ಬೇಕು. ಅವಳು ಮೇಲಿನ ಹಾಳೆಯನ್ನು ನನ್ನ ಕೈಗೆ ಕೊಟ್ಟು, "ಇದ ಆಕ್ಬೋದಾ ಗೌರಿ? ಓದಿ ಏಳು" ಎಂದಳು.

ನಾನು ಓದಿದೆ. ಜೋರಾಗಿಯೇ ಓದಿದೆ, ಓದು ಬರುತ್ತದೆಂಬ ಜಂಬ ನೋಡಿ. ಸಾಗುವಳಿ ಚೀಟಿ, ಸರ್ಕಾರ ಜಮೀನು ಮಂಜೂರು ಮಾಡಿದ್ದಕ್ಕೆ ಕೊಟ್ಟ ಕಾಗದ. ಅವಳ ತಾತನ ಹೆಸರು, ಸರ್ವೆ ನಂಬರು, ಇಷ್ಟು ಎಕರೆ, ಇಷ್ಟು ಗುಂಟೆ. ಕೆಳಗೆ ತಾತನ ಹೆಬ್ಬೆಟ್ಟು, ನೀಲಿಯ ದುಂಡು ಮೊಹರು. ನಾಲ್ಕು ದಿಕ್ಕಿನ ಚೆಕ್ಕುಬಂದಿಯಲ್ಲಿ ಪಶ್ಚಿಮಕ್ಕೆ ಇಂಥವರ ಜಮೀನು ಎಂದು ನಮ್ಮ ತಾತನ ಹೆಸರಿತ್ತು. "ನೋಡು ನೋಡು, ನಿಮ್ ಕಾಗ್ದದಲ್ಲಿ ನಮ್ ತಾತನ ಹೆಸ್ರದೆ" ಎಂದು ನಾನು ಕುಣಿದೆ. ಅವಳಿಗೂ ಖುಷಿಯಾಯಿತು. ಉಳಿದ ಹಾಳೆಗಳು, ಜಮೀನಿಗೆ ಖಾತೆ ಮಾಡಿಕೊಡಿ ಎಂದು ಅವಳ ತಾತ ಯಾರ ಕೈಯಲ್ಲೋ ಬರೆಸಿದ್ದ ಅರ್ಜಿಗಳ ನಕಲು. ಖಾತೆ ಆಗಿರಲಿಲ್ಲ. ತಾತ ಹೋಗಿಬಿಟ್ಟಿದ್ದ. ಆ ಹೊಲ ಅವರದು ಎನ್ನುವುದಕ್ಕೆ ಭೂಮಿಯ ಮೇಲೆ ಇದ್ದದ್ದು ನನ್ನ ಕೈಯಲ್ಲಿದ್ದ ಆ ಒಂದು ಹಾಳೆ.

ಇಷ್ಟೆಲ್ಲ ಆಗ ನನಗೆ ತಿಳಿದಿರಲಿಲ್ಲ. ಆದರೆ ಏನೂ ತಿಳಿದಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ದುಂಡು ಮೊಹರಿನ ಕಾಗದ ನಮ್ಮ ಮನೆಯಲ್ಲೂ ಇದ್ದವು, ದೇವರ ಕೋಣೆಯಲ್ಲಿ, ವಿಭೂತಿ ಗಟ್ಟಿಯ ಪಕ್ಕದ ಡಬ್ಬದಲ್ಲಿ. ಮಕ್ಕಳು ಮುಟ್ಟಿದರೆ ಕೈ ಮುರಿಯುತ್ತೇನೆ ಎನ್ನುತ್ತಿದ್ದರು ದೊಡ್ಡಪ್ಪ. ಇದು ಅಂಥ ಕಾಗದ ಎಂದು ನನಗೆ ಗೊತ್ತಾಯಿತು. ಇನ್ನೂ ಇಪ್ಪತ್ತಾರು ಬೆಟ್ಟ ಬಾಕಿ ಇದ್ದವು.

"ಆಕು. ಅಳೇದು ಕಣಮ್ಮಿ" ಎಂದೆ.

ಇಬ್ಬರೂ ಕೂತು ಹರಿದೆವು. ಮೊಹರು ಇದ್ದ ಮೂಲೆಯನ್ನು ನಾನೇ ಹರಿದೆ. ಗಟ್ಟಿ ಕಾಗದ, ನೆನೆಯಲು ನಾಲ್ಕು ದಿನ ಹಿಡಿಯಿತು. ನೀರು ಸ್ವಲ್ಪ ನೀಲಿಗೆ ತಿರುಗಿತ್ತು.

ಎಪ್ಪತ್ತೇಳೂ ಆದವು. ಸುಣ್ಣ, ಕೆಮ್ಮಣ್ಣು, ಎಲೆಯ ರಸ ಬಳಿದು ಮುಗಿಸಿದಾಗ ಕೊಳ್ಳೇಗಾಲವೇ ಎಲ್ಲಕ್ಕಿಂತ ಚೆನ್ನಾಗಿತ್ತು. ಸ್ಕೂಲು ನೋಡಲು ಬಂದ ಇನ್ಸ್‌ಪೆಕ್ಟರು ಬಗ್ಗಿ ಬಗ್ಗಿ ಬೆಟ್ಟ ಮುಟ್ಟಿದರು. ಲೀಡರು ಯಾರು ಎಂದರು. ನಾನು ಎದ್ದು ನಿಂತೆ. ಚಿಕ್ಕತಾಯಿಯ ಹೆಸರು ಹೇಳಬೇಕೆಂದು ನೆನಪಾದದ್ದು ಅವರು ಜೀಪು ಹತ್ತಿದ ಮೇಲೆ. ಆ ಶನಿವಾರ ಅದನ್ನೇ ತಪ್ಪೆಂದು ಹೇಳಿದೆ, ಮೇಷ್ಟ್ರ ಕಣ್ಣು ಒದ್ದೆಯಾಯಿತು. ನೋಡಿ, ಎಷ್ಟು ಚೆನ್ನಾಗಿ ಕಲಿತಿದ್ದೆ.

ಒಂದು ತಿಂಗಳಾಗಿರಬೇಕು. ಊರಲ್ಲಿ ತಮಟೆ ಹೊಡೆದು ಸಾರಿದರು, ಬೀಳು ಜಮೀನು ಅಳೆಯಲು ಬರುತ್ತಾರೆ, ಚೀಟಿ ಇದ್ದವರು ಚಾವಡಿಗೆ ತಂದು ತೋರಿಸಿ ಎಂದು. ಮರುದಿನ ಮೂರನೆಯ ಪಿರಿಯಡ್ಡಿನಲ್ಲಿ ಪುಟ್ಟಮ್ಮ ಸ್ಕೂಲಿನ ಬಾಗಿಲಲ್ಲಿ ನಿಂತಿದ್ದಳು. ಚಿಕ್ಕತಾಯಿಯ ರಟ್ಟೆ ಹಿಡಿದಿದ್ದಳು. ಹೊಡೆದ ಗುರುತು ಕೆನ್ನೆಯ ಮೇಲಿತ್ತು. ಪುಟ್ಟಮ್ಮ ಒಳಗೆ ಬರಲಿಲ್ಲ, ಮೇಷ್ಟ್ರು ಎರಡು ಸಲ ಕರೆದ ಮೇಲೆ ಬಂದಳು. ಬಂದವಳು ನೆಟ್ಟಗೆ ಆ ಹಲಗೆಯ ಹತ್ತಿರ ಹೋಗಿ ನಿಂತಳು.

"ಯಾವ್ ಬೆಟ್ಟದೊಳಗದೆ ಬುದ್ಧಿ, ನಮ್ ಚೀಟಿ?"

ಮೇಷ್ಟ್ರಿಗೆ ಅರ್ಥವಾಗಲಿಲ್ಲ. ಚಿಕ್ಕತಾಯಿ ಬಿಕ್ಕುತ್ತಾ ಹೇಳಿದಳು. ಮನುಷ್ಯನ ಮುಖ ಅಷ್ಟು ಬೇಗ ಬಿಳುಚುವುದನ್ನು ನಾನು ಅದೇ ಮೊದಲು ಕಂಡದ್ದು. ಪುಟ್ಟಮ್ಮ ಅಷ್ಟರಲ್ಲಿ ಒಂದೊಂದು ಬೆಟ್ಟವನ್ನೂ ಬೆರಳಿನಿಂದ ಮುಟ್ಟಿ ನೋಡುತ್ತಿದ್ದಳು. ಮುಟ್ಟಿದ ಬೆರಳನ್ನು ಕಣ್ಣಿಗೂ ಒತ್ತಿಕೊಳ್ಳುತ್ತಿದ್ದಳು, ಮಾದಪ್ಪನ ಮಲೆಯಲ್ಲವೇ.

"ಅದ್ರಲ್ಲಿ ಏನಿತ್ತು ಅಂತ ಯಾರಾದ್ರೂ ಓದಿದ್ರಾ? ಒಂದು ಸರ್ವೆ ನಂಬರು ಗೊತ್ತಾದ್ರೂ ಸಾಕು, ನಕಲಿಗೆ ನಾನೇ ಅರ್ಜಿ ಬರೀತೀನಿ. ಯಾರೂ ಬೈಯಲ್ಲ. ಹೇಳಿ ಮಕ್ಕಳೇ" ಎಂದರು ಮೇಷ್ಟ್ರು.

ಪುಟ್ಟಮ್ಮನಿಗೆ ನಂಬರು ಗೊತ್ತಿರಲಿಲ್ಲ. ಅವಳಿಗೆ ಗೊತ್ತಿದ್ದದ್ದು ಹೊಲ. ನನಗೆ ನಂಬರು ಗೊತ್ತಿತ್ತು, ಮಗ್ಗಿಯ ಹಾಗೆ ಬಾಯಿಗೆ ಬಂದಿತ್ತು. ಚಿಕ್ಕತಾಯಿ ತಲೆಯೆತ್ತಿ ನನ್ನನ್ನು ನೋಡಿದಳು. ನಾನು ಕೊಳ್ಳೇಗಾಲವನ್ನು ನೋಡಿದೆ. ಅವಳು ಅವ್ವನ ಕಡೆ ತಿರುಗಿ, ಆಮೇಲೆ ಮೇಷ್ಟ್ರಿಗೆ, "ಯಾರೂ ಓದ್ನಿಲ್ಲ ಸಾ. ನಾನೇ ತಂದೆ, ನಾನೇ ಅರಿದೆ" ಎಂದಳು. ಯಾಕಂದ್ರೆ ಎನ್ನಲಿಲ್ಲ. ನಾಳೆ ಅವಳ ಅವ್ವ ಕಳೆ ಕೀಳಲು ಬರಬೇಕಾದದ್ದು ನಮ್ಮ ಹೊಲಕ್ಕೆ ಎಂಬುದು ಒಂಬತ್ತು ವರ್ಷದ ಅವಳಿಗೆ ತಿಳಿದಿತ್ತು.

"ಆ ಬೆಟ್ಟನೇ ಕೊಟ್ಬುಡಿ ಬುದ್ಧಿ" ಎಂದಳು ಪುಟ್ಟಮ್ಮ. ಮೇಷ್ಟ್ರು ಪೆನ್ಸಿಲ್ ಕೆತ್ತುವ ಚಾಕು ತಂದು ಮಲೆಗಳ ಸಾಲನ್ನು ಇಡಿಯಾಗಿ ಹಲಗೆಯಿಂದ ಬಿಡಿಸಿದರು. ಮೆಂತ್ಯದ ಹಿಡಿತ ಗಟ್ಟಿ, ತುಂಬ ಹೊತ್ತು ಹಿಡಿಯಿತು. ಪುಟ್ಟಮ್ಮ ಅದನ್ನು ಸೆರಗಿನಲ್ಲಿ ಮಗುವಿನಂತೆ ಹೊತ್ತುಕೊಂಡು ಹೋದಳು. ಚಾವಡಿಗೆ ಹೋಗಿ ಅಳೆಯುವವರ ಮುಂದೆ ಅದನ್ನೇ ಇಟ್ಟಳಂತೆ, ಇದರೊಳಗದೆ ನೋಡಿ ಸ್ವಾಮಿ ಎಂದಳಂತೆ. ಅಲ್ಲಿದ್ದವರು ಎಷ್ಟು ನಕ್ಕರೆಂದು ಊರೆಲ್ಲ ಹೇಳಿಕೊಂಡು ಇನ್ನೊಮ್ಮೆ ನಕ್ಕಿತು.

ಆ ಸಂಜೆ ನನಗೆ ಅನ್ನ ಸೇರಲಿಲ್ಲ. ಜಗಲಿಯ ಮೇಲೆ ದೊಡ್ಡಪ್ಪ ಕೂತಿದ್ದರು. ನಗರಕ್ಕೆ ಹೋದಾಗಲೆಲ್ಲ ನನಗೆಂದೇ ಮೈಸೂರ್ ಪಾಕ್ ತರುತ್ತಿದ್ದ ದೊಡ್ಡಪ್ಪ. ಕಚೇರಿ ಕೆಲಸವೆಂದರೆ ಊರವರೆಲ್ಲ ಅವರನ್ನೇ ಹುಡುಕಿಕೊಂಡು ಬರುತ್ತಿದ್ದರು. ಅವರಿಗೆ ಹೇಳಿದರೆ ಸರಿಮಾಡುತ್ತಾರೆ ಎಂದುಕೊಂಡೆ. ಪಕ್ಕದಲ್ಲಿ ಕೂತು ಅಳುತ್ತಾ ಎಲ್ಲ ಹೇಳಿದೆ. ಅವಳು ಕೇಳಿದ್ದು, ನಾನು ಓದಿದ್ದು, ಹಾಕು ಎಂದದ್ದು, ಮೊಹರು ಹರಿದದ್ದು, ಏನೂ ಬಿಡಲಿಲ್ಲ. ನನ್ನ ಜೀವನದಲ್ಲಿ ಅಷ್ಟು ಪೂರ್ತಿಯಾಗಿ ತಪ್ಪು ಹೇಳಿಕೊಂಡದ್ದು ಅದೊಂದೇ ಸಲ.

ದೊಡ್ಡಪ್ಪ ಬಹಳ ಹೊತ್ತು ಎಲೆಗೆ ಸುಣ್ಣ ಸವರುತ್ತಿದ್ದರು.

"ಇನ್ಯಾರ್ ಓದವ್ರೆ?"

"ನಾನೊಬ್ಳೇ."

"ನಂಬ್ರು ನೆಪ್ಪದಾ?"

"ಅದೆ ದೊಡ್ಡಪ್ಪ" ಎಂದು ಹೇಳಹೊರಟೆ. ಅವರು ನನ್ನ ಬಾಯಿಯ ಮೇಲೆ ಮೆಲ್ಲಗೆ ಕೈಯಿಟ್ಟರು.

"ಮರ್ತ್ಬುಡು ಕಣವ್ವ. ಜಾಣೆ ನೀನು. ಯಾರ್ ಕೇಳುದ್ರೂ ನಂಗೊತ್ತಿಲ್ಲ ಅಂದ್ಬುಡು. ಓಗು, ಉಂಡು ಮನಿಕ."

ಆ ಕೈಗೆ ಸುಣ್ಣದ ಘಾಟಿತ್ತು. ನನಗೆ ಸಮಾಧಾನವಾಯಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಆದದ್ದು ಅದೇ. ದೊಡ್ಡವರೊಬ್ಬರು ತಲೆ ಸವರಿದರು, ಭಾರ ಇಳಿಯಿತು, ಹೋಗಿ ಉಂಡೆ.

ಶನಿವಾರ ಬಂತು. ಮೇಷ್ಟ್ರು ಆ ದಿನ ತಾವೇ ಮೊದಲು ಎದ್ದು ನಿಂತರು. "ಈ ವಾರ ನನ್ನಿಂದ ಆದ ತಪ್ಪು, ಮಕ್ಕಳು ತಂದ ಕಾಗದ ನಾನು ನೋಡಲಿಲ್ಲ" ಎಂದು ಕೂತರು. ಆಮೇಲೆ ಒಬ್ಬೊಬ್ಬರಾಗಿ ಎದ್ದರು. ಚಿಕ್ಕತಾಯಿಯ ಜಾಗ ಖಾಲಿ ಇತ್ತು. ನನ್ನ ಸರದಿ ಬಂದಾಗ ಮೇಷ್ಟ್ರು ನನ್ನನ್ನೇ ದಿಟ್ಟಿಸಿ ನೋಡಿದರು. ಅವರಿಗೆ ಅನುಮಾನವಿತ್ತು ಎಂದು ಈಗ ಅನ್ನಿಸುತ್ತದೆ. ಆ ತರಗತಿಯಲ್ಲಿ ಅಂಥದ್ದನ್ನು ಓದಬಲ್ಲವರು ಎಷ್ಟು ಜನರಿದ್ದರು?

"ಈ ವಾರ ನನ್ನಿಂದ ಆದ ತಪ್ಪು, ನಾನು ಸೀಮೆಸುಣ್ಣ ಮುರಿದೆ ಸಾ."

ಯಾವ ಸೀಮೆಸುಣ್ಣವನ್ನೂ ಮುರಿದಿರಲಿಲ್ಲ. ಅವರು ತಲೆದೂಗಲಿಲ್ಲ. ಕೂತ್ಕೊ ಎಂದರು.

ಮುಂದಿನ ಮುಂಗಾರಿಗೆ ಮುಂಚೆ ದೊಡ್ಡಪ್ಪನ ನೇಗಿಲು ಪೂರ್ವದ ಬದು ದಾಟಿತು. ಪುಟ್ಟಮ್ಮ ಹೊಲದ ನಡುವೆ ನಿಂತು ಬಾಯಿ ಬಡಿದುಕೊಂಡಳು. "ಚೀಟಿ ಇದ್ರೆ ತೋರ್ಸು, ಈಗ್ಲೇ ಎತ್ತು ಬಿಚ್ತೀನಿ" ಎಂದರಂತೆ ದೊಡ್ಡಪ್ಪ, ಮೆಲ್ಲಗೆ, ನನ್ನ ಜೊತೆ ಮಾತಾಡುವ ದನಿಯಲ್ಲೇ. ಆ ವರ್ಷ ಅಲ್ಲಿ ಹುರುಳಿ ಬೆಳೆಯಿತು. ಅಜ್ಜಿ ಅದನ್ನು ಕಾಗದದ ಬುಟ್ಟಿಗೇ ತುಂಬಿದಳು. ಹುರುಳಿ ಕಟ್ಟಿನ ಸಾರು ನಾನು ಎರಡು ಸಲ ಬಡಿಸಿಕೊಂಡು ಉಂಡಿದ್ದೇನೆ.

ತಾಯಿ ಮಗಳು ಕೇರಳದ ಕಡೆ ಕಾಫಿ ತೋಟಕ್ಕೆ ಕೂಲಿಗೆ ಹೋದರು ಎಂದು ತಿಳಿಯಿತು. ನಮ್ಮ ನಕ್ಷೆ ಮುಗಿಯುತ್ತಿದ್ದ ಮದ್ದೂರಿನಿಂದಾಚೆಗೆ. ಹಲಗೆ ಮಾತ್ರ ನಾನು ಏಳನೆಯ ತರಗತಿ ಮುಗಿಸುವವರೆಗೂ ಅಲ್ಲೇ ಇತ್ತು, ಕೊಳ್ಳೇಗಾಲದ ಜಾಗದಲ್ಲಿ ಚಾಕುವಿನ ಗೀರು ಬಿದ್ದ ಬರೀ ಮರ. ಹೊಸ ಮಕ್ಕಳು ಅದು ಕೆರೆ ಎಂದುಕೊಂಡಿದ್ದರು.

ಅವಳನ್ನು ಆಮೇಲೆ ಒಂದೇ ಒಂದು ಸಲ ಕಂಡೆ. ನಾನು ಟೀಚರಾಗಿ ಗುಂಡ್ಲುಪೇಟೆಗೆ ಬಂದ ಹೊಸದು. ಬಸ್ ಸ್ಟ್ಯಾಂಡಿನಲ್ಲಿ ಕೇರಳದ ಬಸ್ಸಿಗೆ ಕಾಯುತ್ತಿದ್ದ ಹೆಂಗಸೊಬ್ಬಳು, ಕಂಕುಳಲ್ಲಿ ಮಗು, ನನ್ನನ್ನೇ ನೋಡುತ್ತಿದ್ದಳು. "ಗೌರಿ ಅಲ್ವಾ ನೀವು?" ಎಂದಳು. ನೀವು ಎಂದಳು. ನಾನೇ ಮೊದಲು ಗುರುತಿಸಬೇಕಾಗಿತ್ತು. ಅವ್ವ ತೀರಿಕೊಂಡಳೆಂದು ಹೇಳಿದಳು.

"ಆ ಬೆಟ್ಟನ ಪೆಟ್ಟಿಗೇಲೇ ಮಡ್ಗಿದ್ಲು. ಒಂದ್ ದಪ ನೀರ್ಗಾಕಿ ನೆನೆಸುದ್ಲು, ನೆಂದ್ರೆ ಅಕ್ಸರ ಬಿಟ್ಕಂಡು ಬತ್ತವೇನೋ ಅಂತವ. ಎಲ್ಲಾನೂ ಗಂಜಿಯಾಗೋಯ್ತು. ಆಮೇಕೂ ಚೆಲ್ನಿಲ್ಲ, ಸೋಸಿ ಉಂಡೆ ಕಟ್ಟಿ ಒಣಗಾಕುದ್ಲು" ಎಂದು ನಕ್ಕಳು. ನಗುತ್ತಲೇ ಮಗುವಿನ ಮೂಗು ಒರೆಸಿದಳು.

ಗಂಟಲಲ್ಲಿ ನಂಬರು ಇತ್ತು. ಅವಳು ಕಾಯುತ್ತಿದ್ದಳೋ ಏನೋ, ಬಸ್ಸು ಬಂದು ನಿಂತರೂ ಕೂಡಲೇ ಹತ್ತಲಿಲ್ಲ. ನಾನು ಅವಳನ್ನು ಕೇಳಿದ್ದು, "ಊಟ ಆಯ್ತಾ ಚಿಕ್ಕತಾಯಿ?" ಎಂದು. ಆಯ್ತು ಎಂದು ಹತ್ತಿಕೊಂಡು ಹೋದಳು.

ದೊಡ್ಡಪ್ಪ ಹೋದ ಮೇಲೆ ಮನೆ ಭಾಗವಾಯಿತು. ಹೆಣ್ಣುಮಕ್ಕಳಾದ ನಾವು ನಮಗೇನೂ ಬೇಡ ಎಂದು ಹಕ್ಕು ಬಿಟ್ಟುಕೊಡುವ ಪತ್ರಕ್ಕೆ ಸಹಿ ಹಾಕಬೇಕಿತ್ತು. ಅಣ್ಣಂದಿರು ಕರೆದುಕೊಂಡು ಹೋದರು, ಸೀರೆ ಕೊಟ್ಟರು. ಪತ್ರ ಕೈಗೆ ಬಂದಾಗ ನನ್ನ ಚಟ ಗೊತ್ತಲ್ಲ, ಎರಡೂ ಬದಿ ಓದಿದೆ. ಜಮೀನುಗಳ ಪಟ್ಟಿಯಲ್ಲಿ ಐದನೆಯ ಸಾಲಿನಲ್ಲಿ ಅದು ಇತ್ತು. ಅದೇ ನಂಬರು, ಅಷ್ಟೇ ಎಕರೆ, ಅಷ್ಟೇ ಗುಂಟೆ. "ಇನ್ನೂ ಎಷ್ಟೊತ್ತು ಓದ್ತೀಯವ್ವ?" ಎಂದ ಅಣ್ಣ. ಎಲ್ಲರೂ ನಕ್ಕರು. ಸಹಿ ಹಾಕಿದೆ.

ಈಗ ನನ್ನ ತರಗತಿಯಲ್ಲೂ ಶನಿವಾರದ ಸುತ್ತು ಇದೆ. ಮೊನ್ನೆ ಒಂದು ಹುಡುಗಿ, "ಮಿಸ್, ನೀವೂ ಏಳಿ" ಎಂದಳು. ಸೀಮೆಸುಣ್ಣ ಮುರಿದೆ ಎಂದೆ. ಮಕ್ಕಳು ಚಪ್ಪಾಳೆ ತಟ್ಟಿದರು.

ಇಷ್ಟು ಓದಿದಿರಿ, ಇನ್ನೊಂದು ಸಾಲು ಓದಿಬಿಡಿ. ಸರ್ವೆ ನಂಬರು ನೂರ ಹದಿನೇಳು, ಎರಡು ಎಕರೆ ಆರು ಗುಂಟೆ. ಇದನ್ನು ಬಾಯಿಬಿಟ್ಟು ಹೇಳಿದ್ದು ಹುಣಸೆ ಮರದಡಿ ಒಂದು ಸಲ, ಈಗ ಇದು ಎರಡನೆಯ ಸಲ. ಈ ಸಲವೂ ಹೇಳಬೇಕಾದವರಿಗೆ ಹೇಳಲಿಲ್ಲ, ನಿಮಗೆ ಹೇಳಿದೆ. ಯಾಕಂದ್ರೆ... ಬೇಡ, ಮೇಷ್ಟ್ರು ಕೂತ್ಕೊ ಎನ್ನುತ್ತಾರೆ.